ನಾರು ಕಟ್ಟಿದ ಬಾಲ್ದಿ

ಮೊನ್ನೆ ತರಕಾರಿ ಹೆಚ್ಚುವಾಗ ನನ್ನ ಹೆಂಡತಿಯ ಬೆರಳಿಗೆ ಮೆಟ್ಟುಕತ್ತಿ ತಾಗಿತು. ದೊಡ್ಡ ಗಾಯವೇನಲ್ಲ, ಆದರೆ ನೀರುಳ್ಳಿ ಹೆಚ್ಚುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕೇ ನಾಲ್ಕು ನೀರುಳ್ಳಿ. "ಇಷ್ಟು ಹೊತ್ತಿನಲ್ಲಿ ನೀವು ಎರಡು ಪಂಪು ಬಿಚ್ಚಿ ಜೋಡಿಸ್ತಿದ್ರಿ" ಅಂದಳು. ನಾನು ಸಿದ್ದಕಟ್ಟೆ ಪೇಟೆಯಲ್ಲಿ ಪಂಪುಸೆಟ್ಟು ರಿಪೇರಿ ಮಾಡುವವನು. ಕೈಗೆ ಗ್ರೀಸು ಹತ್ತಿದರೆ ಸೀಮೆಎಣ್ಣೆ ಉಂಟು, ಪೆಟ್ರೋಲು ಉಂಟು, ನೀರುಳ್ಳಿಗೆ ಮದ್ದಿಲ್ಲ. ಮೂರು ಸಲ ಸಾಬೂನು ಹಾಕಿದೆ, ಒಮ್ಮೆ ಹುಣಸೆಹಣ್ಣು ತಿಕ್ಕಿದೆ. ಮಧ್ಯಾಹ್ನ ಅಂಗಡಿಯಲ್ಲಿ ಕೂತು ಕನ್ನಡಕ ಸರಿಮಾಡಲು ಕೈ ಎತ್ತಿದಾಗಲೆಲ್ಲ ಮೂಗಿಗೆ ಅದೇ. ಆ ವಾಸನೆಗೆ ನಿಮಗೆ ನೀರುಳ್ಳಿ ಬಜ್ಜಿ ನೆನಪಾಗಬಹುದು, ಆಮ್ಲೆಟು ನೆನಪಾಗಬಹುದು. ನನಗೆ ನೆನಪಾಗುವುದು ಟೈಲರ್ ಸಂಜೀವ, ಮತ್ತು ಒಂದು ಕಾಲದಲ್ಲಿ ನಾನು ಎಷ್ಟು ದೊಡ್ಡ ಜನ ಆಗಿದ್ದೆ ಎನ್ನುವುದು.

ದೊಡ್ಡ ಜನ ಅಂದರೆ ಪಂಚಾಯತು ಮೆಂಬರು ಅಂತ ತಿಳಿಯಬೇಡಿ. ನಾನು ಸುಧರಿಕೆಯ ಮುಖ್ಯಸ್ಥನಾಗಿದ್ದೆ. ಘಟ್ಟದ ಮೇಲಿನವರಿಗೆ ಈ ಶಬ್ದ ಗೊತ್ತಿರಲಿಕ್ಕಿಲ್ಲ, ಹೇಳ್ತೇನೆ. ನಮ್ಮ ಕಡೆ ಒಂದು ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದರೆ ಊರಿನವರನ್ನು ಎರಡು ಬಗೆಯಲ್ಲಿ ಕರೆಯುತ್ತಾರೆ. ಕೆಲವರನ್ನು ಊಟಕ್ಕೆ, ಕೆಲವರನ್ನು ಸುಧರಿಕೆಗೆ. ಊಟಕ್ಕೆ ಕರೆದವರು ಹನ್ನೆರಡೂವರೆಗೆ ಬಂದು, ಉಂಡು, ಹೋಗುತ್ತಾರೆ. ಸುಧರಿಕೆಗೆ ಕರೆದವರು ಬೆಳಿಗ್ಗೆ ಏಳಕ್ಕೇ ಬಂದು ಸೊಂಟಕ್ಕೆ ಬೈರಾಸು, ಎಂದರೆ ಟವೆಲು, ಕಟ್ಟಿ, ಎಲೆ ಒರೆಸಿ, ಬೆಂಚು ಎಳೆದು, ಪಂಕ್ತಿಯ ಮೇಲೆ ಪಂಕ್ತಿ ಬಡಿಸಿ, ಎಲ್ಲರೂ ಉಂಡು ಎದ್ದ ಮೇಲೆ ಮೂರು ಗಂಟೆಗೆ ತಾವು ಕೂರುತ್ತಾರೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಆದರೆ ಕರೆಯದೆ ಬಿಟ್ಟರೆ ನೋಡಬೇಕು ಬೇಜಾರು. "ನನ್ನನ್ನು ಊಟಕ್ಕೆ ಮಾತ್ರ ಕರೆದ, ಸುಧರಿಕೆಗೆ ಕರೆಯಲಿಲ್ಲ" ಎಂದು ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ನಮ್ಮ ತಂಡದಲ್ಲಿ ಹದಿನಾಲ್ಕು ಜನ. ನಾನು ಅದರ ಮುಖ್ಯಸ್ಥನಾದದ್ದು ನನ್ನ ಯೋಗ್ಯತೆಯಿಂದ ಎಂದು ತುಂಬಾ ವರ್ಷ ನಂಬಿದ್ದೆ. ಈಗ ಯೋಚಿಸಿದರೆ ನನಗೆ ದೊಡ್ಡ ಸ್ವರ ಇತ್ತು, ಅಷ್ಟೇ. ಬಾಗಿಲಲ್ಲಿ ನಿಂತು "ಅನ್ನ" ಎಂದರೆ ಅಡುಗೆ ಕೊಟ್ಟಿಗೆಯ ಹಿಂದೆ ಬೀಡಿ ಸೇದುತ್ತಿದ್ದವನೂ ಎದ್ದು ಬರುತ್ತಿದ್ದ. ಮತ್ತೆ, ಪಂಪಿನ ಕೆಲಸದಿಂದ ಬಂದ ಒಂದು ಅಭ್ಯಾಸ. ಮೋಟಾರು ಓಡುವುದನ್ನು ಕೇಳಿಯೇ ದೋಷ ಎಲ್ಲಿ ಉಂಟು ಎಂದು ಹೇಳುವವನು ನಾನು. ಅದನ್ನೇ ಮನುಷ್ಯರ ಮೇಲೂ ಮಾಡುತ್ತಿದ್ದೆ. ಏನಾದರೂ ಹೆಚ್ಚುಕಡಿಮೆ ಆಯಿತೋ, ಯಾರದು ತಪ್ಪು ಎಂದು ಅರೆಗಳಿಗೆಯಲ್ಲಿ ಹೇಳಿ ಮುಗಿಸುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ದೋಷ ನನ್ನಲ್ಲಿ ಸಿಕ್ಕಿರಲಿಲ್ಲ ಎನ್ನುವುದು ನನಗೆ ವಿಚಿತ್ರವಾಗಿ ಕಾಣಲೇ ಇಲ್ಲ ನೋಡಿ.

ಸಂಜೀವನದ್ದು ಸಾಂಬಾರು. ಪೇಟೆಯಲ್ಲಿ ನನ್ನ ಅಂಗಡಿಯಿಂದ ಆರನೆಯದು ಅವನ ಹೊಲಿಗೆ ಅಂಗಡಿ. ಮಾತು ಕಡಿಮೆ. ಸಾಂಬಾರು ಬಡಿಸುವುದು ಸುಧರಿಕೆಯಲ್ಲಿ ಕಷ್ಟದ ವಿದ್ಯೆ. ಅನ್ನ ಬಿದ್ದಲ್ಲಿ ಕೂರುತ್ತದೆ, ಪಾಯಸಕ್ಕೆ ಜನ ತಾವೇ ಎಲೆ ಸರಿಮಾಡಿಕೊಡುತ್ತಾರೆ. ಸಾಂಬಾರು ಹಾಗಲ್ಲ, ಸುಡುತ್ತಾ ಇರುತ್ತದೆ, ಓಡುತ್ತದೆ, "ಸಾಕು" ಎನ್ನುವವರು ಯಾವಾಗಲೂ ಅರ್ಧ ಸೌಟು ತಡವಾಗಿ ಎನ್ನುತ್ತಾರೆ. ಸಂಜೀವ ಅನ್ನದ ಗುಡ್ಡೆಯ ನಡುವೆ ಒಂದು ಹೊಂಡ ನೋಡಿಕೊಂಡು ಅದರೊಳಗೇ ಇಳಿಸುತ್ತಿದ್ದ. ಬಿಳಿ ಅಂಗಿಯವರ ನಡುವೆ ನಲವತ್ತು ಎಲೆ ದಾಟಿದರೂ ಒಂದು ಹನಿ ಆಚೀಚೆ ಇಲ್ಲ. ಅವನು ಹೊಲಿದ ಅಂಗಿಯ ಬಗ್ಗೆ ದೂರು ಹೇಳುವವರು ಇದ್ದರು, ಕಾಲರು ಬಿಗಿ, ಕೈ ಉದ್ದ ಅಂತ. ಅವನು ಬಡಿಸಿದ ಸಾಂಬಾರಿನ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ.

ಈಗ ನಾರಿನ ಬಾಲ್ದಿಯ ವಿಷಯ. ವೇಣೂರು, ಅಳದಂಗಡಿ, ಮೂಡುಬಿದಿರೆ ಎಂದರೆ ಜೈನರ ಊರುಗಳು. ಯಾವ ಮದುವೆಗೂ ಅವರಲ್ಲಿ ಹತ್ತಿಪ್ಪತ್ತು ಜನ ನೆಂಟರಿಷ್ಟರು ಬರುವವರೇ. ಅವರಿಗೆ ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಆಗುವುದಿಲ್ಲ. ಅಡುಗೆಯವರು ಅವರಿಗಾಗಿ ಬೇರೆ ಪಾತ್ರೆಯಲ್ಲಿ ಸೌತೆಕಾಯಿ ಸಾಂಬಾರು ಇಳಿಸುತ್ತಾರೆ. ಪಾತ್ರೆ ಬೇರೆ ಆದರೂ ಬಡಿಸುವ ಬಾಲ್ದಿಗಳೆಲ್ಲ ಒಂದೇ ಅಚ್ಚಿನವು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಎರಡು ಬಾಲ್ದಿಯ ಹಿಡಿಗೆ ಬಾಳೆನಾರು ಕಟ್ಟುವುದು. ನಾರಿನ ಬಾಲ್ದಿ ಜೈನರ ಪಂಕ್ತಿಗೆ ಮಾತ್ರ. ಮತ್ತು ನಾರಿನ ಬಾಲ್ದಿಗೆ ತುಂಬಿಸುವವನು ನಾನೊಬ್ಬನೇ, ಬೇರೆ ಯಾರೂ ಸೌಟು ಹಾಕಕೂಡದು. ಈ ಉಪಾಯವನ್ನು ಎಲ್ಲ ಕಡೆ ಮೆಚ್ಚಿದ್ದರು. ಯಾರೂ ಮೆಚ್ಚದಿದ್ದರೆ ನಾನೇ ಹೋಗಿ ವಿವರಿಸುತ್ತಿದ್ದೆ.

ಆ ದಿನವೂ ಅದನ್ನೇ ಮಾಡುತ್ತಿದ್ದೆ. ನಮ್ಮ ಊರಿನ ವಿಠಲಣ್ಣನ ಮಗಳ ಮದುವೆ, ಅಳದಂಗಡಿಯ ಕಡೆ ಒಂದು ಕಲ್ಯಾಣಮಂಟಪದ ಹಾಲಿನಲ್ಲಿ. ಆರುನೂರು ಜನ. ಮೊದಲ ಪಂಕ್ತಿಯಲ್ಲೇ ಒಂದು ಸಾಲು ಜೈನರು, ಆ ಸಾಲಿನ ತಲೆಯಲ್ಲಿ ಪದ್ಮಾವತಿ ಅಮ್ಮ. ಎಪ್ಪತ್ತು ದಾಟಿದವರು, ಗಂಡಿನ ಮನೆಯ ನೆರೆಯವರು, ವ್ರತ ನಿಯಮದಲ್ಲಿ ಬಹಳ ಕಟ್ಟುನಿಟ್ಟು ಎಂದು ಮೊದಲೇ ನಮಗೆ ಹೇಳಿಟ್ಟಿದ್ದರು. ಸಂಜೀವ ನಾರಿನ ಬಾಲ್ದಿಯನ್ನು ಒಮ್ಮೆ ಖಾಲಿ ಮಾಡಿ ತಂದು ನನ್ನ ಕೈಗೆ ಕೊಟ್ಟ. ಆ ಹೊತ್ತಿಗೆ ಹುಡುಗನ ಸೋದರಮಾವ, ಬೆಂಗಳೂರಿನವರು, ನನ್ನ ಪಕ್ಕ ನಿಂತು ವ್ಯವಸ್ಥೆ ಹೊಗಳುತ್ತಿದ್ದರು. ನಾನು ಅವರಿಗೆ ನಾರು ತೋರಿಸಿ, "ಇಷ್ಟು ವರ್ಷದಲ್ಲಿ ಒಂದು ಸಲ ತಪ್ಪಿದ್ದಿಲ್ಲ ನೋಡಿ" ಎಂದು ಹೇಳುತ್ತಾ, ಮುಖ ಅವರ ಕಡೆ, ಕೈ ಪಾತ್ರೆಯ ಕಡೆ, ಬಾಲ್ದಿ ತುಂಬಿಸಿ ಸಂಜೀವನಿಗೆ ಕೊಟ್ಟೆ.

ಐದು ನಿಮಿಷ ಆಗಲಿಲ್ಲ, ಒಳಗೆ ಗದ್ದಲ. ಓಡಿಹೋಗಿ ನೋಡಿದರೆ ಪದ್ಮಾವತಿ ಅಮ್ಮ ಎಲೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕೂತಿದ್ದಾರೆ. ಎಲೆಯ ಮೇಲೆ ನೀರುಳ್ಳಿಯ ಒಂದು ಎಸಳು. ಅವರ ಪಕ್ಕದ ಗಂಡಸು ಎದ್ದು ನಿಂತು, "ಏನಿದು, ಯಾರು ಬಡಿಸಿದ್ದು?" ಎಂದು ಕೇಳುತ್ತಿದ್ದಾರೆ. ಸಾಲಿನ ನಡುವೆ ಬಾಲ್ದಿ ಹಿಡಿದು ನಿಂತದ್ದು ಸಂಜೀವ. ನನ್ನ ಕಿವಿ, ಕಣ್ಣು, ನಾಲಗೆ ಮೂರೂ ಒಟ್ಟಿಗೆ ಕೆಲಸ ಮಾಡಿದವು. "ಕಣ್ಣು ಎಲ್ಲಿ ಇಟ್ಟಿದ್ದಿ ಮಾರಾಯ? ನಾರಿನ ಬಾಲ್ದಿ ಯಾವುದು, ಬೇರೆ ಬಾಲ್ದಿ ಯಾವುದು ಅಂತ ಗೊತ್ತಾಗ್ಲಿಲ್ವಾ ನಿಂಗೆ? ಬಟ್ಟೆ ಕತ್ತರಿಸುವಾಗಲೂ ಹೀಗೆಯಾ?" ಎಂದು ನನ್ನ ಆ ಪ್ರಸಿದ್ಧ ಸ್ವರದಲ್ಲಿ ಹೇಳಿದೆ. ಆರುನೂರು ಜನರಿಗೂ ಕೇಳಿತು. ಕೊನೆಯ ಮಾತಿಗೆ ಯಾರೋ ನಕ್ಕರು ಕೂಡ.

ಸಂಜೀವ ಬಾಲ್ದಿಯನ್ನು ಒಂದು ಗೇಣು ಮೇಲೆತ್ತಿ ನನ್ನ ಮುಖ ನೋಡಿದ. ನಾನು ಬಾಲ್ದಿಯ ಕಡೆ ನೋಡಲೇ ಇಲ್ಲ. "ಪರವಾಗಿಲ್ಲ, ಗೊತ್ತಿಲ್ಲದೆ ಆದದ್ದು" ಎಂದು ಪದ್ಮಾವತಿ ಅಮ್ಮ ಎಲೆ ಮಡಚಿ ಎದ್ದರು. ಅವರು ಎದ್ದದ್ದಕ್ಕೆ ಇಡೀ ಸಾಲು ಎದ್ದಿತು. ಉಂಡವರು ಏಳುವುದು ಬೇರೆ, ಅರ್ಧ ಊಟದಲ್ಲಿ ಏಳುವುದು ಬೇರೆ. ವಿಠಲಣ್ಣ ಬಾಗಿಲಲ್ಲಿ ಕೈ ಮುಗಿದುಕೊಂಡು ನಿಂತಿದ್ದ, ಯಾರಿಗೆ ಮುಗಿಯುತ್ತಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ. ಸಂಜೀವ ಬಾಲ್ದಿಯನ್ನು ಒಯ್ದು ಅಡುಗೆ ಕೊಟ್ಟಿಗೆಯ ಕಟ್ಟೆಯ ಮೇಲಿಟ್ಟು, ಬೈರಾಸು ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡು, ಊಟವನ್ನೂ ಮಾಡದೆ ಬಸ್ಸು ಹತ್ತಿದ.

ಕೊನೆಯ ಪಂಕ್ತಿ ಮುಗಿದ ಮೇಲೆ ನಾನು ಆ ಕಟ್ಟೆಯ ಹತ್ತಿರ ಹೋದೆ. ಬಾಲ್ದಿಯ ಹಿಡಿಯಲ್ಲಿ ನಾರು ಇತ್ತು. ಬಾಲ್ದಿಯ ತಳದಲ್ಲಿ ಎರಡು ಎಸಳು ನೀರುಳ್ಳಿ ಇತ್ತು. ಪಕ್ಕದಲ್ಲಿ ಸೌತೆಕಾಯಿ ಸಾಂಬಾರಿನ ಪಾತ್ರೆ ಮುಕ್ಕಾಲು ಭಾಗ ಹಾಗೇ ಉಳಿದಿತ್ತು. ನಾರಿನ ಬಾಲ್ದಿಗೆ ತುಂಬಿಸುವವನು ಯಾರೆಂದು ನಾನೇ ನಿಯಮ ಮಾಡಿದ್ದೆನಲ್ಲ. ಅವನು ಬಾಲ್ದಿ ಎತ್ತಿದ್ದು ನನಗೆ ಆ ನಾರು ತೋರಿಸಲಿಕ್ಕೆ ಎಂದು ಆಗ ಹೊಳೆಯಿತು.

ಆಮೇಲೆ ನಾನು ಮಾಡಿದ ಕೆಲಸ ಕೇಳಿ. ಅತ್ತ ಇತ್ತ ನೋಡಿ, ಆ ಬಾಲ್ದಿಯನ್ನು ತೆಗೆದುಕೊಂಡು ಹೋಗಿ, ನೀರಿನ ನಳ್ಳಿಯ ಕೆಳಗೆ ಕೂತು ನಾನೇ ತೊಳೆದೆ. ಮುಖ್ಯಸ್ಥನಾದ ಮೇಲೆ ನಾನು ಬಾಲ್ದಿ ತೊಳೆದದ್ದು ಅದೇ ಮೊದಲು. ಅಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸರು, "ಬಿಡಿ ಬಿಡಿ, ನೀವು ಎಂತಕ್ಕೆ? ಎಷ್ಟು ದೊಡ್ಡ ಮನಸ್ಸು, ಸ್ವಲ್ಪವೂ ಅಹಂಕಾರ ಇಲ್ಲ" ಎಂದು ಹೊಗಳಿದರು. ನಾನು "ಅಯ್ಯೋ, ಅದರಲ್ಲೇನುಂಟು" ಎಂದು ಹೇಳಿ ನಾರನ್ನೂ ಬಿಚ್ಚಿ ಚರಂಡಿಗೆ ಬಿಸಾಡಿದೆ.

ನಮ್ಮ ಪೇಟೆಯವರಿಗೆ ಹೆಸರಿಡುವ ಕೆಲಸ ಹೇಳಿಕೊಡಬೇಕಾಗಿಲ್ಲ. ಒಂದೇ ವಾರದಲ್ಲಿ ಟೈಲರ್ ಸಂಜೀವ ಹೋಗಿ 'ನೀರುಳ್ಳಿ ಸಂಜೀವ' ಆದ. ಬಸ್ಸಿನ ಕ್ಲೀನರು "ನೀರುಳ್ಳಿ ಅಂಗಡಿ ಸ್ಟಾಪು ಇಳೀರಿ" ಎಂದ. ಮಕ್ಕಳ ಯೂನಿಫಾರ್ಮು ಹೊಲಿಸಲು ಬಂದವರು "ನಾರು ಕಟ್ಟಿ ಕೊಡ್ತೇನೆ, ಅಳತೆ ತಪ್ಪಿಸಬೇಡ" ಎಂದರು. ಅವನು ತಲೆ ಎತ್ತದೆ ಮಿಷನು ತುಳಿಯುತ್ತಿದ್ದ. ಸುಧರಿಕೆಗೆ ಕರೆಯಲು ಹೋದವರಿಗೆ "ಹೊಲಿಗೆ ಕೆಲಸ ಉಂಟು" ಎಂಬ ಒಂದೇ ಉತ್ತರ. ಆ ನಂತರದ ಮೊದಲ ಮದುವೆಯಲ್ಲಿ ಅವನ ಬದಲು ಸಾಂಬಾರು ಹಿಡಿದವನು ಒಬ್ಬ ಮೇಷ್ಟ್ರ ಹೆಗಲಿಗೆ ಅರ್ಧ ಸೌಟು ಹಾಕಿದ. ಎರಡನೆಯದರಲ್ಲಿ ಮದುಮಗಳ ಚಿಕ್ಕಮ್ಮನ ಪಟ್ಟೆ ಸೀರೆಗೆ. ನನಗೆ ಬೈಯಲು ಬಾಯಿ ಬರಲಿಲ್ಲ. ತಂಡದವರು, ಅಣ್ಣನಿಗೆ ಎಂತ ಆಯ್ತು, ಶುಗರ್ ಕಡಿಮೆ ಆಗಿರಬೇಕು ಎಂದು ನನಗೆ ಶರಬತ್ತು ಕುಡಿಸಿದರು.

ಮೂರು ವಾರ ಕಳೆದು ಒಂದು ದಿನ ಇವಳ ಹತ್ತಿರ ಎಲ್ಲ ಹೇಳಿದೆ. ಹೇಳಿದ ಕೂಡಲೇ ಎದೆ ಹಗುರ ಆಗುತ್ತದೆ ಎಂದುಕೊಂಡಿದ್ದೆ. ಇವಳು ಬಟ್ಟೆ ಮಡಚುತ್ತಾ ಕೇಳಿ, "ಇದನ್ನು ನನಗೆ ಎಂತಕ್ಕೆ ಹೇಳ್ತೀರಿ? ನನ್ನ ಹೆಸರು ಸಂಜೀವನಾ?" ಎಂದಳು. ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ, ಆದರೆ ಸಾಂಬಾರು ಬಡಿಸುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು.

ಸಂಜೀವನಿಗೆ ಹೇಳಲು ಮತ್ತೂ ನಾಲ್ಕು ವಾರ ಹಿಡಿಯಿತು. ಆರು ಅಂಗಡಿ ದಾಟಿ ಹೋಗಲು ನಾಲ್ಕು ವಾರ. ಕೊನೆಗೆ ಒಂದು ಅಂಗಿ ಬಟ್ಟೆ ಕೊಂಡುಕೊಂಡು, ಅದನ್ನು ಹೊಲಿಸುವ ನೆಪದಲ್ಲಿ, ಪೇಟೆಯಲ್ಲಿ ಯಾರಾದರೂ ಕೇಳಿಯಾರು ಎಂದು ಅವನ ಮನೆಗೇ ಹೋದೆ. ಮನೆಯ ಜಗಲಿಯಲ್ಲೂ ಅವನದ್ದೊಂದು ಮಿಷನು ಉಂಟು. ಅವನು "ಬನ್ನಿ" ಎಂದ, ಟೇಪು ತೆಗೆದ. ಹೆಗಲು ಅಳೆದ, ತೋಳು ಅಳೆದ, ಪುಸ್ತಕದಲ್ಲಿ ಬರೆದುಕೊಂಡ. ಹೆಗಲು ಅಳೆಯುವಾಗ ಹೇಳುವ ಎಂದುಕೊಂಡೆ, ಆಗಲಿಲ್ಲ. ತೋಳಿನಲ್ಲಿ ಹೇಳುವ ಎಂದುಕೊಂಡೆ, ಅಲ್ಲೂ ಆಗಲಿಲ್ಲ. ಕೊನೆಗೆ ಅವನು ಟೇಪನ್ನು ನನ್ನ ಕುತ್ತಿಗೆಗೆ ಸುತ್ತಿದಾಗ ಬಾಯಿಬಿಟ್ಟೆ. "ಸಂಜೀವ, ಆ ದಿನ ಬಾಲ್ದಿಗೆ ತಪ್ಪು ಪಾತ್ರೆಯಿಂದ ತುಂಬಿಸಿದ್ದು ನಾನು."

ಟೇಪು ಬಿಗಿಯೂ ಆಗಲಿಲ್ಲ, ಸಡಿಲವೂ ಆಗಲಿಲ್ಲ. "ಗೊತ್ತುಂಟು" ಎಂದ. "ಹದಿನಾರು" ಎಂದು ಬರೆದುಕೊಂಡ.

ಒಳಗಿನಿಂದ ಅವನ ಹೆಂಡತಿ ಗುಲಾಬಿ ಬಂದಳು. ಕೈಯಲ್ಲಿ ಹಿಡಿಸೂಡಿ. ಗುಡಿಸುತ್ತಾ ಇದ್ದವಳೋ ಅಥವಾ ನನಗಾಗಿ ತಂದದ್ದೋ ಎಂದು ಒಂದು ಕ್ಷಣ ಸಂಶಯ ಆಯಿತು. ಅವಳು ಸ್ವರ ಏರಿಸಲಿಲ್ಲ. "ಅಣ್ಣಾ, ನೀವು ಬೈದದ್ದು ಆರುನೂರು ಜನರ ಎದುರು. ತಪ್ಪು ಒಪ್ಪುದು ನಮ್ಮ ಹೊಲಿಗೆ ಮಿಷನಿನ ಎದುರು. ಈ ಮಿಷನು ಹೋಗಿ ಪೇಟೆಯಲ್ಲಿ ಹೇಳ್ತದಾ?" ಎಂದಳು. ಸಂಜೀವ ಅವಳಿಗೆ "ನೀನು ಸುಮ್ಮನಿರು" ಎಂದ. ಅವಳು ಸುಮ್ಮನಾಗಲಿಲ್ಲ. "ನಮ್ಮ ಮಗಳನ್ನು ನೋಡ್ಲಿಕ್ಕೆ ಮುಂದಿನ ತಿಂಗಳು ಬರುವವರಿದ್ದಾರೆ. ಬಸ್ಸಿಳಿದು ದಾರಿ ಕೇಳಿದರೆ ಜನ ಎಂತ ಹೇಳ್ತಾರೆ? ನೀರುಳ್ಳಿ ಸಂಜೀವನ ಮನೆ ಅಂತ."

ದಾರಿಯುದ್ದಕ್ಕೂ ನನಗೆ ಕೋಪ. ತಪ್ಪೊಪ್ಪಿಕೊಳ್ಳಲು ಹೋದ ಮನುಷ್ಯನಿಗೆ ಇವರು ಚಿಲ್ಲರೆ ಬೇಡ, ಹೋಲ್‌ಸೇಲ್ ಬೇಕು ಎನ್ನುತ್ತಾರಲ್ಲ ಎಂದು. ಕೋಪ ಮನೆ ಮುಟ್ಟುವ ತನಕವೂ ಬಾಳಲಿಲ್ಲ. ಗುಲಾಬಿ ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ, ಅದೇ ನನಗೆ ಕೋಪ ಬರಿಸಿದ್ದು.

ಮರುದಿನ ಅಳದಂಗಡಿಗೆ ಹೋದೆ. ಪದ್ಮಾವತಿ ಅಮ್ಮ ಜಗಲಿಯಲ್ಲಿ ಹೆಸರುಕಾಳು ಹೆಕ್ಕುತ್ತಿದ್ದರು. ನಾನು ಮೆಟ್ಟಿಲಲ್ಲೇ ನಿಂತು ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ, ಹೇಳಬಾರದು ನೋಡಿ, ಈ ವಯಸ್ಸಿನಲ್ಲಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡೆ. ಅವರು ತಟ್ಟೆ ಬದಿಗಿಟ್ಟು, "ನೀರುಳ್ಳಿ ತಿಂದದ್ದು ನಾನು, ಕಣ್ಣಲ್ಲಿ ನೀರು ನಿಮಗೆ" ಎಂದು ನಕ್ಕರು. ಮದುವೆಯ ಮರುದಿನವೇ ಉಪವಾಸ ಮಾಡಿ ತಮ್ಮ ಪ್ರಾಯಶ್ಚಿತ್ತ ಮುಗಿಸಿದ್ದರಂತೆ. "ನನ್ನದು ಒಂದು ದಿನದಲ್ಲಿ ಮುಗಿಯಿತು. ಆ ಟೈಲರಿಂದು ಇನ್ನೂ ಮುಗಿಯಲಿಲ್ಲ ಅಲ್ವಾ? ಅದನ್ನು ಮುಗಿಸಿ" ಎಂದರು. ಮಜ್ಜಿಗೆ ಕೊಟ್ಟರು, ಕುಡಿದು ಬಂದೆ.

ನಮ್ಮ ಕಡೆಯ ಮದುವೆಗಳಿಗೆ ಒಂದು ಸೌಕರ್ಯ ಉಂಟು. ಯಾರ ಮದುವೆಯಾದರೂ ಬರುವ ಆರುನೂರು ಜನ ಹೆಚ್ಚುಕಡಿಮೆ ಅವರೇ. ಮುಂದಿನ ಆದಿತ್ಯವಾರ ಅದೇ ಹಾಲಿನಲ್ಲಿ ಇನ್ನೊಂದು ಮದುವೆ, ಅದೇ ಮುಖಗಳು. ಸಂಜೀವ, ಗುಲಾಬಿ ಇಬ್ಬರೂ ಊಟಕ್ಕೆ ಬಂದಿದ್ದರು, ಸುಧರಿಕೆಗಲ್ಲ. ಮೊದಲ ಪಂಕ್ತಿಗೆ ಎಲೆ ಹಾಕಿ ಜನ ಕೂತ ಮೇಲೆ ನಾನು ಮದುವೆಯವರ ಹತ್ತಿರ ಒಂದು ನಿಮಿಷ ಮೈಕು ಕೇಳಿದೆ. ಮೈಕು ಒಮ್ಮೆ ಕಿರುಚಿತು. ದಾರಿಗೆ ಅಡ್ಡ ನಿಲ್ಲಿಸಿದ ಕಾರಿನ ನಂಬರು ಹೇಳುತ್ತಾರೆ ಎಂದು ಎಲ್ಲರೂ ಕಿವಿ ಕೊಟ್ಟರು, ನಾಲ್ಕೈದು ಜನ ಕಿಸೆ ಮುಟ್ಟಿ ಕೀ ನೋಡಿಕೊಂಡರು.

ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಸನ್ಮಾನ್ಯರೇ, ಮಹನೀಯರೇ, ಮನುಷ್ಯ ಸಹಜವಾದ ಎಂದೆಲ್ಲ ಇತ್ತು. ಚೀಟಿ ಕೈಯಲ್ಲಿ ಒದ್ದೆ ಆಗಿತ್ತು, ಓದಲಾಗಲಿಲ್ಲ. "ವಿಠಲಣ್ಣನ ಮಗಳ ಮದುವೆಯಲ್ಲಿ ನೀರುಳ್ಳಿ ಸಾಂಬಾರು ಬಡಿಸಿಹೋಯ್ತಲ್ಲ, ಅದು ಸಂಜೀವನ ತಪ್ಪಲ್ಲ. ಬಾಲ್ದಿಗೆ ತಪ್ಪು ಪಾತ್ರೆಯಿಂದ ತುಂಬಿಸಿ ಕೊಟ್ಟದ್ದು ನಾನು. ಗೊತ್ತಾದ ಮೇಲೂ ಏಳು ವಾರ ಸುಮ್ಮನಿದ್ದೆ. ಅವನಿಗೆ ಎಲ್ಲರೆದುರು ಬೈದದ್ದೂ ನನ್ನದೇ ತಪ್ಪು. ಸಂಜೀವ, ಕ್ಷಮಿಸು. ವಿಠಲಣ್ಣ, ನೀನೂ ಕ್ಷಮಿಸು" ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ಸ್ವರದಲ್ಲಿ ನಾನು ಮಾತಾಡಿದ್ದಿಲ್ಲ, ಅದೂ ಮೈಕಿನಲ್ಲಿ.

ಯಾರಾದರೂ ಏನಾದರೂ ಹೇಳಿಯಾರು ಎಂದು ಕಾದೆ. ಹಿಂದಿನ ಸಾಲಿನಿಂದ ಒಬ್ಬರು ಅಜ್ಜ, "ಹಾಗಾದ್ರೆ ಇವತ್ತು ಊಟ ತಡ ಉಂಟಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಕು ಇಟ್ಟು ಸಾಂಬಾರಿನ ಬಾಲ್ದಿ ತೆಗೆದುಕೊಂಡೆ. ಸಂಜೀವನ ಎಲೆಗೆ ನಾನೇ ಬಡಿಸಿದೆ, ಎಲೆಯ ಹೊರಗೆ ಸ್ವಲ್ಪ ಚೆಲ್ಲಿತು. ಅವನು ಅದನ್ನು ನೋಡಿದ. ಆರಾಮಾಗಿ ಉಂಡ. ಎರಡು ಸಲ ಅನ್ನ ಹಾಕಿಸಿಕೊಂಡ. ಗುಲಾಬಿ ಮಾತ್ರ ಏಳುವಾಗ, "ಉಪ್ಪು ಖಾರ ಎಲ್ಲ ಸರಿ ಉಂಟು ಅಣ್ಣಾ" ಎಂದಳು. ಮುಂದಿನ ವಾರ ಫರಂಗಿಪೇಟೆಯ ಕಡೆ ಒಂದು ಮದುವೆ; ಬೆಳಿಗ್ಗೆ ಏಳಕ್ಕೆ ಸಂಜೀವ ಬೈರಾಸು ಕಟ್ಟಿಕೊಂಡು ಬಾಗಿಲಲ್ಲಿದ್ದ.

ನೀರುಳ್ಳಿ ಎಂಬ ಹೆಸರು ಪೇಟೆಯವರು ಬಿಡಲಿಲ್ಲ, ಒಮ್ಮೆ ಇಟ್ಟದ್ದನ್ನು ಹಾಳು ಮಾಡುವ ಜನ ಅಲ್ಲ ಅವರು. ಅದನ್ನು ಆರು ಅಂಗಡಿ ಆಚೆಗೆ ಸರಿಸಿ ನನಗೆ ಕೊಟ್ಟರು. ಈಗಲೂ ಪಂಪು ಹಿಡಿದುಕೊಂಡು ಬರುವ ಹೊಸಬರು ಕೆಲವರು, ನನ್ನ ನಿಜ ಹೆಸರೇ ಅದು ಎಂದು ತಿಳಿದು ಬಹಳ ಮರ್ಯಾದೆಯಿಂದ "ನೀರುಳ್ಳಿಯವರು ಇದ್ದಾರಾ" ಎಂದು ಕೇಳುತ್ತಾರೆ. ಸಂಜೀವನ ಮಗಳ ಮದುವೆಯೂ ಚೆನ್ನಾಗಿ ಆಯಿತು. ಮನೆಗೆ ಬಂದು ಸುಧರಿಕೆಗೆ ಕರೆದದ್ದು ಗುಲಾಬಿಯೇ.

ಇನ್ನೊಂದು ಬದಲಾವಣೆ ಆಯಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಮೊದಲೆಲ್ಲ ನಮ್ಮ ತಂಡದಲ್ಲಿ ಯಾರೂ ತಪ್ಪು ಮಾಡುತ್ತಿರಲಿಲ್ಲ. ಎಂದರೆ, ಯಾರೂ ನನಗೆ ಹೇಳುತ್ತಿರಲಿಲ್ಲ. ಮೊಸರು ಬಿಸಿಲಲ್ಲಿ ಇಟ್ಟು ಹುಳಿಯಾದರೆ ಅದು ನನಗೆ ಗೊತ್ತಾಗುತ್ತಿದ್ದುದು ಒಂದು ಗಂಟೆಗೆ, ಉಣ್ಣುವವರ ಮುಖ ನೋಡಿ. ಆ ಮೈಕಿನ ದಿನದ ಮೇಲೆ ಒಬ್ಬೊಬ್ಬನೇ ಬೆಳಿಗ್ಗೆಯೇ ಬಂದು ಹೇಳಲು ಸುರು ಮಾಡಿದ. "ಅಣ್ಣಾ, ಎಲೆ ಐವತ್ತು ಕಡಿಮೆ ತಂದೆ, ನಾನೇ ಮರೆತದ್ದು." "ಅಣ್ಣಾ, ಮೊಸರು ಬಿಸಿಲಲ್ಲಿ ಇಟ್ಟೆ." ಹತ್ತು ಗಂಟೆಗೆ ಗೊತ್ತಾದರೆ ಎಲೆ ತರಿಸಬಹುದು, ಮೊಸರೂ ತರಿಸಬಹುದು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು. ಎರಡು ವರ್ಷ ಕಳೆದ ಮೇಲೆ, ಮುಖ್ಯಸ್ಥನ ಕೆಲಸ ಸಂಜೀವ ಮಾಡಲಿ ಎಂದು ನಾನೇ ಹೇಳಿದೆ. ಅವನು ಒಪ್ಪಲು ಮತ್ತೊಂದು ವರ್ಷ ತೆಗೆದುಕೊಂಡ.

ಅಂಗಡಿಯಲ್ಲಿ ಕೂತು ಬೆರಳು ಮೂಸಿಕೊಂಡು ಇದನ್ನೆಲ್ಲ ಯೋಚಿಸಿದ್ದು ಶುಕ್ರವಾರ. ಆದಿತ್ಯವಾರ ಮೂಡುಬಿದಿರೆಯ ಹತ್ತಿರ ಒಂದು ಗೃಹಪ್ರವೇಶ. ಈಗ ಎಲ್ಲ ಕಡೆ ಬುಫೆ ಬಂದಿದೆ, ತಟ್ಟೆ ಹಿಡಿದು ಕ್ಯೂ ನಿಲ್ಲುತ್ತಾರೆ. ಆದರೂ ಹೊಸ ಮನೆಯೊಕ್ಕಲಿಗೆ ಎಲೆ ಊಟವೇ ಆಗಬೇಕು ಎನ್ನುವವರು ಇದ್ದಾರೆ. ಈಗ ನನ್ನದು ಪಾಯಸ. ಮೊಣಕಾಲು ನೋವು, ಕಣ್ಣೂ ಮೊದಲಿನ ಹಾಗಿಲ್ಲ, ಪಾಯಸಕ್ಕೆ ಅಡ್ಡಿಯಿಲ್ಲ. ಬಡಿಸಿಕೊಂಡು ಹೋದೆ, ಬಂದೆ, ಬಾಲ್ದಿ ಇಟ್ಟೆ. ಅಷ್ಟರಲ್ಲಿ ಮನೆಯ ಯಜಮಾನರ ಭಾವ ಜೋರಾಗಿ, "ಪಾಯಸದವರು ಯಾರು? ಇಲ್ಲಿ ಅಕ್ಕನ ಎಲೆಗೆ ಬರಲೇ ಇಲ್ಲ" ಎಂದರು. ಚಪ್ಪರದ ಕಂಬದ ಹಿಂದೆ ಯಜಮಾನರ ದೊಡ್ಡಕ್ಕ ಕೂತಿದ್ದರು, ಖಾಲಿ ಎಲೆಯ ಬದಿ ಸವರಿಕೊಂಡು. ಒಂದು ಎಲೆ ಬಿಟ್ಟುಹೋಗುವುದು, ಅದರಲ್ಲೂ ಮನೆಯ ಹಿರಿಮಗಳ ಎಲೆ ಬಿಟ್ಟುಹೋಗುವುದು ನಮ್ಮಲ್ಲಿ ಸಣ್ಣ ಮಾತಲ್ಲ.

ನಿಮಗೆ ಸುಳ್ಳು ಹೇಳಿ ನನಗೇನು ಆಗಬೇಕು? ಆ ಮಾತು ಕೇಳಿದ ಕೂಡಲೇ ನನ್ನ ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗಿತು, ನನ್ನ ಹಿಂದೆ ಯಾರಿದ್ದಾರೆ ಎಂದು ನೋಡಲು. ಇಷ್ಟೆಲ್ಲ ಆದ ಮೇಲೂ. ನಾನು ಮುಖ ಈಚೆ ತಿರುಗಿಸುವಷ್ಟರಲ್ಲಿ ಸಂಜೀವ ಅಲ್ಲಿಗೆ ಮುಟ್ಟಿಯಾಗಿತ್ತು. "ತಪ್ಪು ನನ್ನದು. ಕಂಬದ ಹಿಂದೆ ಒಬ್ಬರನ್ನು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ" ಎಂದ. ಯಾರು ಬಿಟ್ಟದ್ದು ಎಂದು ಅವನು ತಿರುಗಿ ನೋಡಲೂ ಇಲ್ಲ.

ನಾನು ಬಾಲ್ದಿ ಎತ್ತಿಕೊಂಡು ಓಡಿದೆ. "ಇಲ್ಲ, ಬಿಟ್ಟದ್ದು ನಾನು. ಅವನು ನಿನ್ನೆಯೇ ಕಂಬ ತೋರಿಸಿ ಹೇಳಿದ್ದ" ಎಂದೆ. "ಹೇಳಿದ್ರೆ ಸಾಲದು, ನಾನು ನೋಡಬೇಕಿತ್ತು" ಎಂದ ಅವನು. "ನೀನು ಎಷ್ಟು ಅಂತ ನೋಡ್ತಿ" ಎಂದೆ ನಾನು. ದೊಡ್ಡಕ್ಕ ಇಬ್ಬರ ಮುಖವನ್ನೂ ನೋಡಿ, "ತಪ್ಪು ನೀವು ಆಮೇಲೆ ಪಾಲು ಮಾಡಿಕೊಳ್ಳಿ, ಮೊದಲು ಪಾಯಸ ಹಾಕಿ" ಎಂದರು. ಭಾವನ ಸಿಟ್ಟು ಅಲ್ಲಿಗೆ ಇಳಿಯಿತು. ದೊಡ್ಡಕ್ಕನಿಗೆ ಮೂರು ಸೌಟು ಹಾಕಿದೆ.

ಮೂರು ಗಂಟೆಗೆ ನಾವು ಹದಿನಾಲ್ಕು ಜನ ಉಣ್ಣಲು ಕೂತೆವು. ನನ್ನ ಪಕ್ಕ ಸಂಜೀವ. ಎರಡು ದಿನದಿಂದ ಮನಸ್ಸಿನಲ್ಲಿ ಅದೇ ತಿರುಗುತ್ತಿತ್ತಲ್ಲ, ಕೇಳಿಬಿಟ್ಟೆ. "ಆ ದಿನ ವಿಠಲಣ್ಣನ ಮಗಳ ಮದುವೆಯಲ್ಲಿ ನಿನಗೆ ಗೊತ್ತಿತ್ತು. ಬಾಲ್ದಿ ತುಂಬಿಸಿದ್ದು ನಾನು ಅಂತ ಅಲ್ಲೇ ಹೇಳಬಹುದಿತ್ತಲ್ಲ, ಎಂತಕ್ಕೆ ಹೇಳ್ಲಿಲ್ಲ?"

ಅವನು ಅನ್ನ ಕಲಸುತ್ತಾ ಇದ್ದ. "ನೀವು ಹೇಳ್ತೀರಿ ಅಂತ ಕಾದೆ" ಎಂದ.

"ಬಸ್ಸು ಬರುವವರೆಗಾ?"

"ಅಲ್ಲ. ಏಳು ವಾರವೂ. ಪೇಟೆಯಲ್ಲಿ ಜನ ನಗಾಡುವಾಗ ಗುಲಾಬಿ ದಿನಾ ಹೇಳ್ತಿದ್ದಳು, ಹೋಗಿ ಎಲ್ಲರಿಗೂ ಹೇಳಿ ಅಂತ. ಅಣ್ಣ ಹೇಳ್ತಾರೆ, ಅವರು ಅಂಥವರಲ್ಲ, ಅಂತ ನಾನು ಹೇಳ್ತಿದ್ದೆ."

ಆ ಏಳು ವಾರ ನಾನು ಅವನನ್ನು ತಪ್ಪಿಸಿಕೊಂಡು ಪೇಟೆಯ ಆಚೆ ಬದಿಯಿಂದ ಓಡಾಡಿದ್ದೆ, ಅವನು ಈಚೆ ಬದಿಯಲ್ಲಿ ಮಿಷನು ತುಳಿಯುತ್ತಾ ನನ್ನ ಪರವಾಗಿ ಹೆಂಡತಿಯೊಡನೆ ವಾದ ಮಾಡುತ್ತಿದ್ದ. ಸಂಜೀವ ಎದ್ದು, ಎಡಗೈಯಲ್ಲಿ ಪಾಯಸದ ಸೌಟು ಹಿಡಿದು ನನ್ನ ಎಲೆಗೆ ಬಗ್ಗಿದ. ನನಗೆ ಶುಗರ್ ಉಂಟು, ಸಿಹಿ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಇವಳಿಗೆ ಮಾತು ಕೊಟ್ಟಿದ್ದೇನೆ. ಆದರೂ ಸಾಕು ಎನ್ನಲಿಲ್ಲ.